ಷಡ್ಡಕನ ಗರಾಜು

ಗುರುದತ್ತನ ಬಾಯಲ್ಲಿ ಅದು ಒಂದು ದಿನವೂ ಬರೀ ವ್ಯಾನ್ ಆಗಿದ್ದಿಲ್ಲ. 'ನಮ್ಮ ಪ್ಲಗ್-ಇನ್' ಎನ್ನುತ್ತಿದ್ದ. ಉತ್ತರ ಕೆರೊಲಿನಾದ ಮೋರಿಸ್‌ವಿಲ್ಲಿನ ಕನ್ನಡ ಬಳಗದ ಊಟದ ಸಾಲಿನಲ್ಲಿ ಯಾರಾದರೂ ತಟ್ಟೆ ಹಿಡಿದು ಅವನ ಪಕ್ಕ ನಿಂತರೆ ಮುಗಿಯಿತು, ಬಿಸಿಬೇಳೆಬಾತು ಆರಿ ಗಟ್ಟಿಯಾಗುವವರೆಗೂ ಬಿಡುತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಮರುದಿನ ಸ್ಕೂಲು, ಆಫೀಸು, ಈಜಿನ ಕ್ಲಾಸು, ದೇವಸ್ಥಾನ ಎಲ್ಲ ಬ್ಯಾಟರಿಯಲ್ಲೇ. ದೂರದ ಊರಿಗೆ ಹೊರಟಾಗ ಮಾತ್ರ ಪೆಟ್ರೋಲ್ ಎಂಜಿನ್. ಏಳು ಜನ ಕೂರಬಹುದು. ಇಷ್ಟನ್ನು ಅವನು ಹೇಳುವ ಧಾಟಿ ಹೇಗಿತ್ತೆಂದರೆ, ಗಾಡಿಯನ್ನು ಯಾವುದೋ ಕಂಪನಿ ತಯಾರಿಸಿದ್ದಲ್ಲ, ತಾನೇ ಹಿತ್ತಲಲ್ಲಿ ಕೂತು ಮಾಡಿದ್ದು ಅನ್ನಬೇಕು.

ಅವನ ಹೆಂಡತಿ ರಾಜಲಕ್ಷ್ಮಿ ಹಿಂದೆ ನಿಂತು ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದಳು. ಮೈಸೂರಿನವಳು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧದ ಕಂಪನಿಯೊಂದರಲ್ಲಿ ಕೆಲಸ. ಹೊಸ ಮದ್ದು ಎಷ್ಟು ಜನಕ್ಕೆ ಒಗ್ಗಿತು, ಎಷ್ಟು ಜನಕ್ಕೆ ಕೇಡು ಮಾಡಿತು ಎಂದು ಅಂಕಿಸಂಖ್ಯೆ ತೂಗಿ ಹೇಳುವವಳು. ಗಂಡನ ಭಾಷಣ ಕೇಳಿದಾಗ ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲಾಮೇಲೆ ಆ ನಗುವೂ ದಂಡ ಅನ್ನಿಸತೊಡಗಿತು.

ಯಾಕೆಂದರೆ ಆ ಗಾಡಿಯೊಳಗೆ ಬದುಕುತ್ತಿದ್ದವರು ಅವಳು ಮತ್ತು ಮಕ್ಕಳು. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಸಾಕು, ಬ್ಯಾಟರಿ ತುಂಬಿದ್ದರೂ ಪೆಟ್ರೋಲ್ ಎಂಜಿನ್ ಗುರ್ರೆಂದು ಶುರುವಾಗುತ್ತಿತ್ತು. ಆ ಸದ್ದು ಕೇಳಿದರೆ ಗುರುದತ್ತನ ಮುಖ ಏಕಾದಶಿಯ ದಿನ ಬಾಯಿಗೆ ಅನ್ನದಗುಳು ಬಿದ್ದವನ ಹಾಗಾಗುತ್ತಿತ್ತು. ಅದಕ್ಕೇ ಹೀಟರ್ ಹಾಕುವ ಹಾಗಿಲ್ಲ. ಹನ್ನೆರಡು ದಾಟಿದ ಶ್ರಾವಣಿ, ಅವಳ ತಮ್ಮ ಅನ್ವಿತ್, ಇಬ್ಬರೂ ಡಿಸೆಂಬರಿನ ಬೆಳಗ್ಗೆ ಕಂಬಳಿ ಹೊದ್ದು ಸ್ಕೂಲಿಗೆ ಹೋಗುತ್ತಿದ್ದರು, ನಿರಾಶ್ರಿತರ ಮಕ್ಕಳಂತೆ. ಒಂದು ಸಲ ಪೆಟ್ರೋಲನ್ನು ಎಷ್ಟು ಕಾಲ ಮುಟ್ಟದೆ ಬಿಟ್ಟಿದ್ದನೆಂದರೆ, ಅದು ಟ್ಯಾಂಕಿನಲ್ಲೇ ಹಳತಾಯಿತೆಂದು ಗಾಡಿ ತಾನೇ ತೀರ್ಮಾನಿಸಿ, ಇವನ ಅಪ್ಪಣೆ ಕೇಳದೆ, ದಿನಗಟ್ಟಲೆ ಎಂಜಿನ್ ಓಡಿಸಿ ಸುಟ್ಟುಹಾಕಿತು. ಆ ವಾರ ಗುರುದತ್ತ ಮನೆಯಲ್ಲಿ ಸರಿಯಾಗಿ ಮಾತಾಡಲಿಲ್ಲ. ಆ ವಾರದಷ್ಟು ನೆಮ್ಮದಿಯನ್ನು ರಾಜಲಕ್ಷ್ಮಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅವನ ಮಾತು ಕೇಳಿ ಬಳಗದ ಎರಡು ಸಂಸಾರಗಳು ಅದೇ ವ್ಯಾನ್ ಕೊಂಡವು. ಮೂರನೆಯದಾಗಿ ಅವನು ಗಾಳ ಹಾಕಿದ್ದು ಷಡ್ಡಕ ರವಿಶಂಕರನಿಗೆ. ರವಿಶಂಕರ್ ರಾಜಲಕ್ಷ್ಮಿಯ ತಂಗಿ ಇಂದುವಿನ ಗಂಡ. ಜಾರ್ಜಿಯಾದ ಅಲ್ಫರೆಟಾದಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ಮಾತು ಕಡಿಮೆ. ಇಂದು ಆಗ ತುಂಬಿದ ಬಸುರಿ. ದೊಡ್ಡ ಗಾಡಿ ಬೇಕೇ ಬೇಕಾಗಿತ್ತು. ವಾರವಾರವೂ ಫೋನಿನಲ್ಲಿ ಗುರುದತ್ತ ಅವನಿಗೆ ಪಾಠ ಹೇಳುತ್ತಿದ್ದ. ಆ ಕಡೆಯಿಂದ "ಹೌದಾ ಭಾವ", "ಸರಿ ಭಾವ" ಅನ್ನುವುದು ಮಾತ್ರ ಕೇಳಿಸುತ್ತಿತ್ತು.

ಹೀಗಿರುವಾಗ ಜುಲೈ ತಿಂಗಳಲ್ಲಿ ಕಂಪನಿಯಿಂದ ಸುದ್ದಿ ಬಂತು. ಕೆಲವು ಗಾಡಿಗಳ ಬ್ಯಾಟರಿ, ಆಫ್ ಆಗಿ ನಿಂತಿದ್ದಾಗಲೂ, ತಾನಾಗಿ ಬೆಂಕಿ ಹೊತ್ತಿಕೊಂಡಿದೆ. ರಿಪೇರಿಯಾಗುವವರೆಗೂ ಚಾರ್ಜ್ ಮಾಡಬೇಡಿ. ಮನೆಯಿಂದ, ಬೇರೆ ಗಾಡಿಗಳಿಂದ ದೂರ, ಬಯಲಲ್ಲಿ ನಿಲ್ಲಿಸಿ. ರಿಪೇರಿಗೆ ಬೇಕಾದ ಭಾಗ ಇನ್ನೂ ಬಂದಿಲ್ಲ, ಬಂದಾಗ ತಿಳಿಸುತ್ತೇವೆ. ಸುದ್ದಿ ಗಂಡ ಹೆಂಡತಿ ಇಬ್ಬರ ಫೋನಿಗೂ ಬಂದಿತ್ತು, ಗಾಡಿ ಇಬ್ಬರ ಹೆಸರಿನಲ್ಲಿದ್ದುದರಿಂದ.

"ಇದೆಲ್ಲ ಲಾಯರ್‌ಗಳು ಬರೆಸೋದು" ಎಂದ ಗುರುದತ್ತ. "ಲಕ್ಷ ಗಾಡೀಲಿ ಯಾವುದೋ ಒಂದೆರಡು."

ಹಾಗೆಂದವನು ಸಂಜೆಯೊಳಗೆ ವ್ಯಾನನ್ನು ಗರಾಜಿನಿಂದ ಹೊರಗೆ ತೆಗೆದು, ಬಡಾವಣೆಯ ಕ್ಲಬ್‌ಹೌಸಿನ ಪಾರ್ಕಿಂಗಿನ ತುತ್ತತುದಿಯಲ್ಲಿ, ಒಂದು ಪೈನ್ ಮರದ ಪಕ್ಕ ನಿಲ್ಲಿಸಿ ನಡೆದುಕೊಂಡು ಬಂದ. ಗರಾಜು ಯಾಕೆ ಖಾಲಿ ಎಂದು ಯಾರಾದರೂ ಕೇಳಿಯಾರೆಂದು ವಾರದೊಳಗೆ ಒಂದು ಪಿಂಗ್‌ಪಾಂಗ್ ಟೇಬಲ್ ತಂದು ಅಲ್ಲಿ ಹಾಕಿದ. ಮಕ್ಕಳು ಮೊಬೈಲ್ ಬಿಟ್ಟು ಆಟ ಆಡಲಿ ಅಂತ, ಎಂದು ಪಕ್ಕದ ಮನೆಯವರಿಗೆ ಹೇಳುವುದನ್ನು ರಾಜಲಕ್ಷ್ಮಿ ಕಿಟಕಿಯಿಂದ ಕೇಳಿಸಿಕೊಂಡಳು. ಆ ಮನುಷ್ಯ ಸುಳ್ಳು ಹೇಳುವುದಕ್ಕೂ ಇಷ್ಟು ಬೆವರು ಸುರಿಸುತ್ತಾನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ರವಿಗೆ ಹೇಳಿದ್ರಾ?" ಎಂದು ಕೇಳಿದಳು.

"ಹೇಳ್ತೀನಿ ಬಿಡು. ಅವನಿನ್ನೂ ತಗೊಂಡಿಲ್ವಲ್ಲ. ಹೊಸ ಮಾಡೆಲ್‌ಗೆ ಈ ಪ್ರಾಬ್ಲಮ್ಮೇ ಇಲ್ಲ. ಸುಮ್ನೆ ಹೆದರಿಸಿ ಏನು ಪ್ರಯೋಜನ?"

"ಬಳಗದವರಿಗೆ?"

"ಅವರಿಗೂ ಈಮೇಲ್ ಬಂದಿರುತ್ತೆ, ರಾಜಿ. ಅವರೂ ಓದಿದೋರೇ."

ಇಂಥವನ ಜೊತೆ ವಾದಕ್ಕಿಳಿಯುವುದು ತನ್ನ ಯೋಗ್ಯತೆಗೆ ಕಡಿಮೆ ಎಂದುಕೊಂಡಳು. ಇಂದುವಿಗೆ ತಾನೇ ಒಂದು ಫೋನ್ ಮಾಡಿ ಹೇಳಬಹುದಿತ್ತು. ಹೇಳಿದರೆ ಗಂಡನ ಬಣ್ಣ ತವರಿನವರೆದುರು ಬಯಲಾಗುತ್ತದೆ, ಅವನನ್ನು ಕಟ್ಟಿಕೊಂಡವಳು ತಾನು. ಫೋನ್ ಮಾಡಲಿಲ್ಲ.

ಅಕ್ಟೋಬರ್ ಕೊನೆಗೆ ಇಂದುವಿನ ಮಗುವಿನ ನಾಮಕರಣ ಗೊತ್ತಾಯಿತು. ಹಿಂದಿನ ದಿನವೇ ಬಂದುಬಿಡಿ ಎಂದು ಇಂದು ಕರೆದಳು. ರಾಜಲಕ್ಷ್ಮಿ ತನ್ನ ಸಣ್ಣ ಕಾರಿನಲ್ಲಿ ಹೋಗೋಣವೆಂದಳು. ಗುರುದತ್ತ ಒಪ್ಪಲಿಲ್ಲ. ರವಿ ಗಾಡಿ ನೋಡಬೇಕು ಅಂದಿದ್ದಾನೆ, ಪ್ಲಗ್-ಇನ್ನಿನಲ್ಲೇ ಹೋಗಬೇಕು ಎಂದ.

ಗ್ರೀನ್ಸ್‌ಬರೋ, ಶಾರ್ಲಟ್, ಗ್ರೀನ್‌ವಿಲ್ ದಾಟಿಕೊಂಡು ಎಯ್ಟಿ-ಫೈವ್ ಹೈವೇಯಲ್ಲಿ ಮಕ್ಕಳೊಂದಿಗೆ ಇಡೀ ದಿನ ಪಯಣ. ತಿಂಗಳುಗಟ್ಟಲೆ ಚಾರ್ಜ್ ಕಾಣದ ಬ್ಯಾಟರಿ ಬರಿದಾಗಿತ್ತು. ಎಂಜಿನ್ನೇ ದಾರಿಯುದ್ದಕ್ಕೂ ಹೊತ್ತುಕೊಂಡು ಬಂತು. ಎರಡು ಕಡೆ ಪೆಟ್ರೋಲ್ ಹಾಕಿಸಿದರು. ಹಾಕಿಸುವಾಗ ಗುರುದತ್ತ ಕಪ್ಪು ಕನ್ನಡಕ ಹಾಕಿಕೊಂಡು ಆ ಕಡೆ ಈ ಕಡೆ ನೋಡುತ್ತ ನಿಂತಿದ್ದ. ಜಾರ್ಜಿಯಾದ ಬಂಕಿನಲ್ಲಿ ಯಾವ ಕನ್ನಡದವನು ಇವನನ್ನು ಹಿಡಿಯಲು ಹೊಂಚುಹಾಕಿದ್ದನೋ.

ಅಲ್ಫರೆಟಾ ತಲುಪಿದಾಗ ಇನ್ನೂ ಬಿಸಿಲಿತ್ತು. ರವಿಶಂಕರ್ ಬಾಗಿಲಲ್ಲೇ ಕಾಯುತ್ತಿದ್ದ. ಅವನ ಮನೆಯ ಗರಾಜು ಬಾಯ್ದೆರೆದಿತ್ತು. ಒಳಗೆ ಗುಡಿಸಿ ಸಾರಿಸಿದಂತೆ ಚೊಕ್ಕಟ. ತನ್ನ ಎರಡೂ ಕಾರುಗಳನ್ನು ಬೀದಿಗೆ ಹಾಕಿದ್ದ.

"ಬನ್ನಿ ಭಾವ, ಒಳಗೇ ತಗೊಳ್ಳಿ. ನಿಮ್ಮ ಗಾಡಿಗೇ ಜಾಗ ಮಾಡಿರೋದು" ಎಂದ. ಗೋಡೆ ತೋರಿಸಿದ. "ಚಾರ್ಜರ್ ಕೂಡ ಹಾಕಿಸಿಬಿಟ್ಟೆ. ಹೇಗಿದ್ರೂ ನಮಗೂ ಬೇಕಾಗುತ್ತಲ್ಲ. ನಿಮ್ಮ ಗಾಡಿಯಿಂದಲೇ ಬೋಣಿ ಆಗ್ಲಿ."

ಹೇಳಿಬಿಡುತ್ತಾನೆ ಎಂದು ರಾಜಲಕ್ಷ್ಮಿ ಗಂಡನ ಕಡೆ ನೋಡಿದಳು. ಎಂಥ ಮನುಷ್ಯನಾದರೂ ಹೇಳುವ ಹೊತ್ತು ಅದು. ಗುರುದತ್ತ ಒಂದು ಗಳಿಗೆ ಸ್ಟಿಯರಿಂಗ್ ಮೇಲೆ ಬೆರಳು ಬಡಿದ. ಆಮೇಲೆ ನಕ್ಕು, "ಅಯ್ಯೋ, ಇಷ್ಟೆಲ್ಲ ಯಾಕೆ ಮಾಡೋಕೆ ಹೋದೆ, ರವಿ" ಎನ್ನುತ್ತ ಗಾಡಿಯನ್ನು ಒಳಗೆ ತೆಗೆದುಕೊಂಡ.

ಒಳಗೆ ಮನೆ ತುಂಬ ಜನ. ರವಿಶಂಕರನ ತಂದೆ ಕೇಶವಮೂರ್ತಿ ಬೆಂಗಳೂರಿನಿಂದ ಬಂದು ಸೋಫಾದಲ್ಲಿ ಕೂತಿದ್ದರು. ಆಫೀಸಿನ ಸ್ನೇಹಿತರು ಚಹಾಕ್ಕೆ ಬಂದಿದ್ದರು. ಇಂದು ಕಾಣಿಸಲಿಲ್ಲ. "ಮೇಲಿದ್ದಾಳಮ್ಮ. ರೂಮುಗಳನ್ನೆಲ್ಲ ನೆಂಟರಿಗೆ ಬಿಟ್ಟು, ಗರಾಜಿನ ಮೇಲಿನ ರೂಮಲ್ಲಿ ಬಾಣಂತಿ ಮಗು ಇಬ್ಬರೂ ಸೇರ್ಕೊಂಡಿದ್ದಾರೆ. ಗಲಾಟೆ ಇರಲ್ಲ ನೋಡು ಅಲ್ಲಿ" ಎಂದರು ಕೇಶವಮೂರ್ತಿ.

ಚಪ್ಪಲಿ ಬಿಟ್ಟಿದ್ದ ರಾಜಲಕ್ಷ್ಮಿ ಮತ್ತೆ ಮೆಟ್ಟಿಕೊಂಡು ಗರಾಜಿಗೆ ಹೋದಳು. ಗುರುದತ್ತ ಒಬ್ಬನೇ ಇದ್ದ. ಚಾರ್ಜರಿನ ಕೇಬಲ್ ವ್ಯಾನಿನ ಮುಂಬದಿಗೆ ಸಿಕ್ಕಿಸಿ ಆಗಿತ್ತು. ಗಾಜಿನ ಕೆಳಗೆ ನೀಲಿ ದೀಪ ಮಿನುಗುತ್ತಿತ್ತು. ಅವನು ಅದರ ಫೋಟೋ ತೆಗೆಯುತ್ತಿದ್ದ.

"ತೆಗೀರಿ ಅದನ್ನ" ಎಂದಳು.

"ಎರಡೇ ಗಂಟೆ. ಅವನು ಅಷ್ಟು ಆಸೆಯಿಂದ ಹಾಕ್ಸಿದ್ದಾನೆ. ಬೇಡ ಅಂದ್ರೆ ಏನಂದ್ಕೊಳ್ತಾನೆ?"

"ಮೇಲ್ಗಡೆ ಇಂದು ಮಗು ಇದಾರೆ ರೀ. ಈ ಸೀಲಿಂಗ್ ಮೇಲೆ."

ಗುರುದತ್ತ ಸೀಲಿಂಗ್ ಕಡೆ ನೋಡಿದ. ಅವನಿಗೆ ಗೊತ್ತಿರಲಿಲ್ಲವೆಂದು ಆ ನೋಟದಲ್ಲೇ ತಿಳಿಯಿತು. ಈಗಂತೂ ಗೊತ್ತಾಯಿತಲ್ಲ, ಇನ್ನು ಕೇಬಲ್ ಕೀಳುತ್ತಾನೆ ಎಂದು ಅವಳು ಕಾದಳು. ಅವನು ಫೋನ್ ಜೇಬಿಗಿಟ್ಟುಕೊಂಡು ದನಿ ತಗ್ಗಿಸಿದ.

"ನಿನಗೇ ಗೊತ್ತು ರಾಜಿ, ನಿನ್ನ ಕೆಲಸವೇ ಅದು. ಪ್ರಾಬಬಿಲಿಟಿ ಎಷ್ಟು? ಝೀರೋಗೆ ಹತ್ರ. ಹೋಗ್ತಾ ಬರ್ತಾ ಹೈವೇಲಿ ಸಾಯೋ ಚಾನ್ಸೇ ಜಾಸ್ತಿ."

"ಅಷ್ಟು ಕಡಿಮೆ ಇದ್ರೆ ನಮ್ಮನೆ ಗರಾಜಲ್ಲಿ ಯಾಕೆ ಇಡಲ್ಲ?"

"ನಮ್ಮನೆ ಬೇರೆ" ಎಂದ ಗುರುದತ್ತ.

ಹೇಳಿದ ಮೇಲೆ ಅವನಿಗೂ ಅದು ಕೇಳಿಸಿರಬೇಕು. "ಅಂದ್ರೆ, ಅಲ್ಲಿ ದಿನಾ ರಾತ್ರಿ ನಿಲ್ಲಬೇಕು, ಇಲ್ಲಿ ಒಂದೇ ದಿನ" ಎಂದೇನೋ ಸೇರಿಸಿದ. ರಾಜಲಕ್ಷ್ಮಿಗೆ ಆ ಮುಂದಿನದು ಬೇಕಾಗಿರಲಿಲ್ಲ. ಇಷ್ಟು ವರ್ಷ ಇವನನ್ನು ಬಾಯಿಬಡುಕ, ಜಂಬಗಾರ ಎಂದು ತಾತ್ಸಾರ ಮಾಡಿದ್ದಳು. ಜಂಬಗಾರನ ಜೊತೆ ಹೇಗೋ ಬಾಳಬಹುದು ಎಂದು ನಂಬಿದ್ದಳು. ಈಗ ಕಣ್ಣೆದುರು ನಿಂತಿದ್ದವನು ಬೇರೆ. ತನ್ನ ಮಾತು ಸೋಲಬಾರದೆಂದು ಹಸುಗೂಸಿನ ತೊಟ್ಟಿಲ ಕೆಳಗೆ ಕೊಳ್ಳಿ ಇಟ್ಟು, ಹತ್ತಿಕೊಳ್ಳಲಿಕ್ಕಿಲ್ಲ ಬಿಡು ಎನ್ನುವವನು.

ಕೇಬಲನ್ನು ಅವಳೇ ಕಿತ್ತು ಕೆಳಗೆ ಬಿಸಾಡಿದಳು. "ಕೀ ಕೊಡಿ."

"ಸೀನ್ ಮಾಡಬೇಡ. ಒಳಗೆ ಜನ ಇದಾರೆ."

"ಕೀ."

ಅವನು ಪ್ಯಾಂಟಿನ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತ, ಸ್ಕೂಲಿನಲ್ಲಿ ಗೋಲಿ ಬಚ್ಚಿಟ್ಟುಕೊಂಡ ಹುಡುಗನಂತೆ. ಅವನ ಜೇಬಿಗೆ ಕೈ ಹಾಕುವಷ್ಟು ಹತ್ತಿರ ಹೋಗುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲ. ತಿರುಗಿ ಒಳಗೆ ಹೋಗಿ ಮೆಟ್ಟಿಲು ಹತ್ತಿದಳು.

ಇಂದು ಮಂಚದಲ್ಲಿ ಒರಗಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅಕ್ಕನನ್ನು ನೋಡಿ ಮುಖವರಳಿತು. "ಬಂದ್ಯಾ ಅಕ್ಕ? ನೋಡು ಇವಳನ್ನ, ಥೇಟ್ ಅಮ್ಮನ ಮೂಗು."

"ಇಂದು, ಮಗೂನ ಎತ್ಕೊಂಡು ಕೆಳಗೆ ಬಾ."

"ಈಗ್ತಾನೆ ಕುಡೀತಿದಾಳೆ."

"ಕೆಳಗೇ ಕುಡಿಸು. ಬಾ. ಆಮೇಲೆ ಹೇಳ್ತೀನಿ."

ಅಕ್ಕನ ದನಿ ಹಾಗಿದ್ದುದನ್ನು ಇಂದು ಚಿಕ್ಕಂದಿನಲ್ಲಿ ಒಂದೆರಡು ಸಲ ಕೇಳಿದ್ದಳಷ್ಟೆ. ಶಾಲು ಹೊದ್ದು ಮಗುವನ್ನೆತ್ತಿಕೊಂಡು ಹಿಂದೆಯೇ ಇಳಿದು ಬಂದಳು. ನಡುಮನೆಯಲ್ಲಿ ಅಷ್ಟು ಹೊತ್ತಿಗೆ ಗುರುದತ್ತ ಬಂದು ಚಹಾ ಹಿಡಿದು ಕೂತಿದ್ದ. ಪಕ್ಕದಲ್ಲಿದ್ದವರಿಗೆ ಒಂದು ಚಾರ್ಜಿಗೆ ಎಷ್ಟು ಮೈಲಿ ಓಡುತ್ತದೆಂದು ಹೇಳಲು ಶುರುಮಾಡಿದ್ದ.

ರಾಜಲಕ್ಷ್ಮಿ ಅಲ್ಲಿ ನಿಂತೇ ಹೇಳಿದಳು. ದನಿ ಏರಿಸಲಿಲ್ಲ.

"ರವಿ, ಈ ಗಾಡಿಗೆ ರೀಕಾಲ್ ಇದೆ. ನಿಂತಲ್ಲೇ ಬ್ಯಾಟರಿಗೆ ಬೆಂಕಿ ಬೀಳಬಹುದು, ಮನೆ ಹತ್ರ ನಿಲ್ಲಿಸಬೇಡಿ, ಚಾರ್ಜ್ ಮಾಡಬೇಡಿ ಅಂತ ಕಂಪನಿಯವರೇ ಹೇಳಿದಾರೆ. ನಾವು ನಮ್ಮನೇಲಿ ಅದನ್ನ ಗರಾಜ್‌ಗೆ ತರೋದೇ ಇಲ್ಲ, ಕ್ಲಬ್‌ಹೌಸ್ ಹತ್ರ ಬಿಟ್ಟು ನಡ್ಕೊಂಡು ಬರ್ತೀವಿ. ನಿಮ್ಮ ಗರಾಜಲ್ಲಿ ಈಗ ಚಾರ್ಜ್ ಆಗ್ತಿತ್ತು, ನಾನು ಕಿತ್ತು ಬಂದೆ. ಗಾಡಿ ಆಚೆ ಹೋಗಬೇಕು."

ಗುರುದತ್ತ ನಗುವುದಕ್ಕೆ ನೋಡಿದ.

"ರಾಜಿದು ಸ್ವಲ್ಪ ಓವರ್ ರಿಯಾಕ್ಷನ್. ಇಟ್ಸ್ ಎ ಪ್ರಿಕಾಷನ್, ಅಷ್ಟೇ. ಡಿನ್ನರ್ ಆದ್ಮೇಲೆ ನಾನೇ..."

"ಭಾವ, ಕೀ ಕೊಡಿ" ಎಂದ ರವಿಶಂಕರ್.

ಕೈ ಚಾಚಿ ನಿಂತೇ ಇದ್ದ. ಕೊನೆಗೆ ಗುರುದತ್ತ ಕೀ ತೆಗೆದು ಆ ಕೈಗೆ ಹಾಕಿದ. ರವಿಶಂಕರ್ ತಾನೇ ಗಾಡಿಯನ್ನು ಹಿಂದಕ್ಕೆ ತೆಗೆದು, ಬಡಾವಣೆಯ ಈಜುಕೊಳದ ಆಚೆಗಿನ ಖಾಲಿ ಪಾರ್ಕಿಂಗಿಗೆ ಒಯ್ದು ಬಿಟ್ಟು, ನಡೆದುಕೊಂಡು ವಾಪಸ್ಸು ಬಂದ. ಬಂದವನು ಕೈ ತೊಳೆದು, "ಊಟಕ್ಕೆ ಏಳಿ ಎಲ್ಲರೂ" ಎಂದ. ಒಂದು ಬಿರುಸಿನ ಮಾತಿಲ್ಲ. ಗುರುದತ್ತನ ಎಲೆಗೆ ತಾನೇ ನಿಂತು ಹೋಳಿಗೆ ಬಡಿಸಿದ, ತುಪ್ಪ ಹಾಕಿದ. ಅಷ್ಟು ಮರ್ಯಾದೆಯನ್ನು ತಿನ್ನುವುದಕ್ಕಿಂತ ಬೈಸಿಕೊಳ್ಳುವುದು ಮೇಲೆಂದು ಯಾರಿಗಾದರೂ ಅನ್ನಿಸಬೇಕು.

ಗುರುದತ್ತನಿಗೆ ಅನ್ನಿಸಲಿಲ್ಲ. ಎರಡನೆಯ ಹೋಳಿಗೆಯ ಹೊತ್ತಿಗೆ ಅವನಿಗೆ ಮಾತು ಮರಳಿತ್ತು. ರೀಕಾಲ್ ಎನ್ನುವುದು ಒಂದು ದೇಶದ ವ್ಯವಸ್ಥೆ ಎಷ್ಟು ಗಟ್ಟಿಯಿದೆ ಎಂಬುದರ ಗುರುತು, ನಮ್ಮ ಕಡೆ ಆಗಿದ್ದರೆ ಮುಚ್ಚಿಹಾಕುತ್ತಿದ್ದರು, ಇಲ್ಲಿ ಪಾರದರ್ಶಕತೆ ಇದೆ ಎಂದು ವಿವರಿಸಿದ. ರಾಜಲಕ್ಷ್ಮಿ ಕೋಸಂಬರಿ ತಿನ್ನುತ್ತ ಕೇಳುತ್ತಿದ್ದಳು. ಅವಳಿಗೆ ಹೆಚ್ಚು ರೇಜಿಗೆ ಹುಟ್ಟಿಸಿದ್ದು ಅದಲ್ಲ. ಎದುರಿಗೆ ಕೂತವರಲ್ಲಿ ಇಬ್ಬರು ತಲೆಯಾಡಿಸಿದರು. ಒಬ್ಬ ಮಹಾಶಯ, ಹಾಗಾದರೆ ಈಗ ಹಳೆಯ ಗಾಡಿಗಳು ಅಗ್ಗಕ್ಕೆ ಸಿಗಬಹುದಲ್ಲ ಎಂದೂ ಕೇಳಿದ. ಇಂಥ ಕಿವಿಗಳಿರುವುದರಿಂದಲೇ ಇಂಥ ಬಾಯಿ ಬೆಳೆಯುತ್ತದೆ ಎಂದುಕೊಂಡಳು.

ಕೇಶವಮೂರ್ತಿ ಮಾತ್ರ ಊಟ ಮುಗಿಸಿ ಏಳುವಾಗ, "ಗುರುದತ್ ಅವರೇ, ಸ್ವಲ್ಪ ಹೊತ್ತು ಸುಮ್ಮನಿರ್ತೀರಾ? ಮಗು ಮಲಗಿದೆ" ಎಂದರು. ಮಗು ಎಚ್ಚರವಾಗಿಯೇ ಇತ್ತು.

ಮರುದಿನ ನಾಮಕರಣ ನಡೆಯಿತು. ಅಕ್ಷಯಾ ಎಂದು ಹೆಸರಿಟ್ಟರು. ಸೋದರತ್ತೆಯರು ಯಾರೂ ಇಲ್ಲದ್ದರಿಂದ ಕಿವಿಯಲ್ಲಿ ಹೆಸರು ಹೇಳುವ ಕೆಲಸ ರಾಜಲಕ್ಷ್ಮಿಯದೇ ಎಂದು ಮೊದಲೇ ಮಾತಾಗಿತ್ತು. ಆ ಹೊತ್ತು ಬಂದಾಗ ಇಂದು ಬೇರೆ ಕಡೆ ತಿರುಗಿ, "ನೀವು ಹೇಳಿ ಆಂಟಿ" ಎಂದು ಪಕ್ಕದ ಮನೆಯ ಸಿದ್ದೇಶ್ವರಿಯ ಮಡಿಲಿಗೆ ಮಗುವನ್ನಿಟ್ಟಳು. ರಾಜಲಕ್ಷ್ಮಿ ಆರತಿಯ ತಟ್ಟೆ ಹಿಡಿದು ನಿಂತೇ ಇದ್ದಳು.

ಹೊರಡುವಾಗ ಅಕ್ಕ ತಂಗಿ ಇಬ್ಬರೇ ಅಡುಗೆಮನೆಯಲ್ಲಿ ಸಿಕ್ಕರು. ಇಂದು ಡಬ್ಬಿಗೆ ಹೋಳಿಗೆ ತುಂಬುತ್ತಿದ್ದಳು.

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ಜುಲೈ."

"ಭಾವ ಹಾಗೇ ಅಂತ ನಮಗೆಲ್ಲ ಗೊತ್ತು. ಅವರ ಮಾತನ್ನ ನಾನು ಕಿವಿಗೆ ಹಾಕ್ಕೊಳ್ಳೋದೇ ಇಲ್ಲ. ರವಿ ಆ ಗಾಡಿ ತಗೋಬೇಕು ಅಂದಾಗ ಹೂಂ ಅಂದಿದ್ದು ಯಾಕೆ ಗೊತ್ತಾ? ಅಕ್ಕ ಓಡಿಸ್ತಾಳೆ, ಏನಾದ್ರೂ ಇದ್ರೆ ಅಕ್ಕ ಹೇಳ್ತಾಳೆ ಅಂತ." ಡಬ್ಬಿಯ ಮುಚ್ಚಳ ಒತ್ತಿದಳು. "ನೀನು ಅವರನ್ನ ಮನಸ್ಸಲ್ಲೇ ಬೈಕೊಂಡು ಕೂತಿದ್ದೆ. ಅಷ್ಟೇ ತಾನೆ ನೀನು ಮಾಡಿದ್ದು?"

ಇಷ್ಟು ದಿನ ತಾನು ಇನ್ನೊಬ್ಬರ ಮೇಲೆ ಹರಿಸುತ್ತಿದ್ದ ನೋಟವನ್ನು ರಾಜಲಕ್ಷ್ಮಿ ಮೊದಲ ಸಲ ಇಂದುವಿನ ಕಣ್ಣಲ್ಲಿ ಕಂಡಳು. ತಂಗಿ ಡಬ್ಬಿಯನ್ನು ಕೈಗಿತ್ತು ಮೇಲೆ ಹೋದಳು.

ವಾಪಸ್ಸು ಬರುವಾಗ ಗಾಡಿ ಓಡಿಸಿದ್ದು ರಾಜಲಕ್ಷ್ಮಿ. ಗುರುದತ್ತ ಪಕ್ಕದಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದ. ದಕ್ಷಿಣ ಕೆರೊಲಿನಾದಲ್ಲೆಲ್ಲೋ ಹಿಂದಿನ ಸೀಟಿನಿಂದ ಶ್ರಾವಣಿ ಕೇಳಿದಳು, "ಅಮ್ಮ, ಆರ್ ವೀ ಸೇಫ್ ಇನ್ ದಿಸ್ ಕಾರ್?"

"ಓಡ್ತಾ ಇರೋವಾಗ ಸೇಫ್ ಅಂತಾರೆ" ಎಂದಳು ತಾಯಿ. "ನಂಗೆ ನಿಜವಾಗ್ಲೂ ಗೊತ್ತಿಲ್ಲ ಪುಟ್ಟ."

ಮನೆ ತಲುಪಿದ ಮೇಲೆ ಅದೇ ವ್ಯಾನ್ ಕೊಂಡಿದ್ದ ಬಳಗದ ಎರಡೂ ಮನೆಗಳಿಗೆ ಅವಳೇ ಫೋನ್ ಮಾಡಿದಳು. ಒಂದು ಮನೆಯವರಿಗೆ ಮೊದಲೇ ಗೊತ್ತಿತ್ತು. ಅವರೂ ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಮನೆಯವರು ಈಮೇಲ್ ತೆರೆದೇ ಇರಲಿಲ್ಲ, ದಿನವೂ ಗರಾಜಿನಲ್ಲೇ ಚಾರ್ಜಿಗೆ ಹಾಕುತ್ತಿದ್ದರು. ಆ ಮನೆಯಾಕೆ ಫೋನ್ ಹಿಡಿದುಕೊಂಡೇ ಗರಾಜಿಗೆ ಓಡಿದ್ದು ಕೇಳಿಸಿತು.

ವಸಂತದ ಹೊತ್ತಿಗೆ ರಿಪೇರಿಯೂ ಆಯಿತು. ಗುರುದತ್ತ ಒಂದು ತಿಂಗಳು ಬಿಟ್ಟು ವ್ಯಾನನ್ನು ಮಾರಿದ. ಈಗ ಪೂರ್ತಿ ಬ್ಯಾಟರಿಯ ಗಾಡಿ ತಂದಿದ್ದಾನೆ; ಪ್ಲಗ್-ಇನ್ ಎನ್ನುವುದೇ ಅರ್ಧಂಬರ್ಧ, ಧೈರ್ಯವಿಲ್ಲದವರ ಗಾಡಿ ಎಂದು ಊಟದ ಸಾಲಿನಲ್ಲಿ ಹೇಳುತ್ತಾನೆ. ರಾಜಲಕ್ಷ್ಮಿ ಬಳಗದ ಊಟಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಮನೆಯಲ್ಲಿ ಅವನ ಜೊತೆ ಮಕ್ಕಳ ವಿಷಯ, ಬಿಲ್ಲುಗಳ ವಿಷಯ ಮಾತಾಡುತ್ತಾಳೆ. ಹಾಸಿಗೆಯನ್ನು ಶ್ರಾವಣಿಯ ಕೋಣೆಗೆ ಸಾಗಿಸಿಕೊಂಡಿದ್ದಾಳೆ. ಯಾಕೆಂದು ಅವನು ಕೇಳಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ ಅವನಿಗೆ.

ತಂಗಿ ಇಂದು ಆ ಚಳಿಗಾಲವೆಲ್ಲ ಫೋನ್ ಮಾಡಲಿಲ್ಲ. ಇವಳು ಮಾಡಿದರೆ ಎತ್ತಿ, ಮಗು ಅಳುತ್ತಿದೆ ಎಂದು ಇಡುತ್ತಿದ್ದಳು. ಮಗುವಿಗೆ ಅನ್ನಪ್ರಾಶನವಾಯಿತೆಂದು ರವಿಶಂಕರ್ ಫೋಟೋ ಕಳಿಸಿದ. ಕರೆದಿರಲಿಲ್ಲ. ಮುಂದಿನ ಶನಿವಾರ ರಾಜಲಕ್ಷ್ಮಿ ಯಾರಿಗೂ ಹೇಳದೆ ತನ್ನ ಸಣ್ಣ ಕಾರು ತೆಗೆದುಕೊಂಡು ಒಬ್ಬಳೇ ಅಲ್ಫರೆಟಾಕ್ಕೆ ಹೊರಟಳು. ಹೋಗಿ ಬಾಗಿಲು ಬಡಿದಳು.

ಇಂದು ಬಾಗಿಲು ತೆಗೆದು ನೋಡಿದಳು. ತಲೆ ಕೆದರಿತ್ತು, ಕಂಕುಳಲ್ಲಿ ಮಗು, ಹೆಗಲ ಮೇಲೆ ಹಾಲಿನ ಕಲೆ. ಅಕ್ಕನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬೀದಿಯ ಕಡೆಗೊಮ್ಮೆ ಕಣ್ಣು ಹಾಯಿಸಿದಳು.

"ಒಬ್ಬಳೇ ಬಂದ್ಯಾ?"

"ಒಬ್ಬಳೇ."

ಇಂದು ಮಗುವನ್ನು ಅಕ್ಕನ ಕೈಗೆ ದಾಟಿಸಿ, "ಹಿಡ್ಕೋ. ಎರಡು ದಿನದಿಂದ ತಲೆಗೆ ನೀರು ಹಾಕ್ಕೊಂಡಿಲ್ಲ" ಎಂದು ಒಳಗೆ ನಡೆದಳು. ಬಾಗಿಲು ತೆರೆದೇ ಇತ್ತು.